ಎಂಟನೆಯ ಕಮಾನು

ಮಾರ್ಚ್ 4, ಸೋಮವಾರ

ಸದಸ್ಯರ ವಸತಿಗೃಹದ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಒಂದು ಮಂಚ, ಒಂದು ಮೇಜು, ಬಾಗಿಲು ಸರಿಯಾಗಿ ಮುಚ್ಚದ ಬೀರು. ಮಾತಾಡಲು ಯಾರೂ ಇಲ್ಲದ್ದಕ್ಕೇ ಈ ಬರವಣಿಗೆ. ಮನೆಯಲ್ಲಾದರೆ ಅತ್ತೆ ಇರುತ್ತಾರೆ. ಅಲ್ಲೂ ನನ್ನ ಮಾತಿಗೆ ಅವಕಾಶ ಸಿಗುವುದು ಅವರು ಉಸಿರು ಎಳೆದುಕೊಳ್ಳುವಾಗ ಮಾತ್ರ.

ಇಂದು ಪ್ರಾಂತೀಯ ಸಂಸತ್ತಿನಲ್ಲಿ ನನ್ನ ಮೊದಲ ದಿನ. ನಮ್ಮವರು ಕೂರುತ್ತಿದ್ದ ಕುರ್ಚಿಯನ್ನೇ ಕೊಟ್ಟಿದ್ದಾರೆ. ಅವರು ಹೃದಯಾಘಾತದಲ್ಲಿ ತೀರಿಕೊಂಡ ಮೇಲೆ ತೆರವಾದ ಸ್ಥಾನಕ್ಕೆ ಪಕ್ಷ ನನ್ನನ್ನು ನಿಲ್ಲಿಸಿತು. ಜನ ಅವರ ಮೇಲಿನ ಅಕ್ಕರೆಗೆ ನನಗೆ ಓಟು ಹಾಕಿದರು. ಕನ್ನಡಕದ ಅಂಗಡಿ ನಡೆಸಿಕೊಂಡಿದ್ದ ನನಗೆ ಭಾಷಣ ಗೊತ್ತಿಲ್ಲ, ಬಜೆಟ್ಟು ಗೊತ್ತಿಲ್ಲ. ಸರ್ಕಾರ ನಡೆಸುತ್ತಿರುವ ನಮ್ಮ ಪಕ್ಷದ ನಾಯಕರು ಮೊಗಸಾಲೆಯಲ್ಲಿ ಸಿಕ್ಕಿ ಧೈರ್ಯ ಹೇಳಿದರು. "ಸಭೆಯ ಅವಧಿ ಮುಗಿಯೋಕೆ ಕೆಲವೇ ತಿಂಗಳು, ತಂಗಿ. ನಾವು ಕೈ ಎತ್ತಿದಾಗ ಎತ್ತು, ಇಳಿಸಿದಾಗ ಇಳಿಸು. ಅವನ ಹೆಸರು ಉಳಿಸಿದ್ರೆ ಅಷ್ಟೇ ಸಾಕು."

ನಿಜವಾಗಿಯೂ ಹಗುರವಾಯಿತು. ಕೈ ಎತ್ತುವುದು, ಇಳಿಸುವುದು ನನ್ನಿಂದ ಆದೀತು.

ಕಲಾಪಕ್ಕೆ ಮೊದಲು ಧ್ವಜಕ್ಕೆ ನಮನ. ಸಭಾಧ್ಯಕ್ಷರ ಕುರ್ಚಿಯ ಹಿಂದೆ ನೀಲಿ ಬಾವುಟ, ಅದರ ನಡುವೆ ಸಂಸತ್ತಿನ ಲಾಂಛನ: ಬಿಳಿಯ ಸೇತುವೆ, ಏಳು ಕಮಾನು, ಮೇಲೊಂದು ದೀಪ. ಎಲ್ಲರೂ ಎದ್ದು "ಏಳು ಕಮಾನು, ಒಂದೇ ಸೇತುವೆ" ಎಂದು ಒಕ್ಕೊರಲಿನಿಂದ ಹೇಳಬೇಕು. ನಾನೂ ಹೇಳಿದೆ, ಸ್ವಲ್ಪ ತಡವಾಗಿ. ಅದೇ ಲಾಂಛನದ ಹಿತ್ತಾಳೆಯ ಬಿಲ್ಲೆಯನ್ನು ಎದೆಗೆ ಚುಚ್ಚಿಕೊಳ್ಳಲು ಹೋಗಿ ಬೆರಳಿಗೆ ಚುಚ್ಚಿಕೊಂಡೆ. ನಮ್ಮವರಿಗೆ ಇದೆಲ್ಲ ನೀರು ಕುಡಿದ ಹಾಗೆ ಬರುತ್ತಿತ್ತು. ಅವರು ಇದ್ದಿದ್ದರೆ ನಾನು ಇಲ್ಲಿ ಇರುತ್ತಲೇ ಇರಲಿಲ್ಲ ಎಂಬುದೂ ಈಗ ತಾನೇ ಹೊಳೆಯಿತು.

ಮಾರ್ಚ್ 9, ಶನಿವಾರ

ವಾರಾಂತ್ಯಕ್ಕೆ ಮನೆಗೆ ಬಂದೆ. ಅತ್ತೆಗೆ ಕಣ್ಣಿನ ಪೊರೆ ತೆಗೆಸಿದ್ದಾಗಿದೆ, ಹೊಸ ಕನ್ನಡಕ ಮಾಡಿಕೊಡಬೇಕಿತ್ತು. ಅಂಗಡಿಯಲ್ಲಿ ಕೂರಿಸಿ ಅಕ್ಷರದ ಫಲಕ ತೋರಿಸಿದರೆ, "ಇದು ನಂಗೆ ಬಾಯಿಪಾಠ ಆಗಿದೆ. ಬೇರೆ ಏನಾದ್ರೂ ಕೊಡು" ಎಂದರು. ಎದೆಯ ಬಿಲ್ಲೆ ಬಿಚ್ಚಿ ಕೈಗಿಟ್ಟೆ.

ಬೆರಳು ಮಡಿಸುತ್ತ ಎಣಿಸಿದರು. "ಏಳಿದೆ."

"ಸರಿಯಾಗಿ ಕಾಣ್ತಿದೆ ಹಾಗಾದ್ರೆ."

"ಕಾಣೋದೇನೋ ಕಾಣ್ತಿದೆ. ಇದರಲ್ಲಿ ನಮ್ಮದು ಯಾವುದು?"

ಒಂದೊಂದು ಕಮಾನು ಒಂದೊಂದು ಜಿಲ್ಲೆ ಎಂದು ಹೇಳಿದೆ. ನಮ್ಮ ಜಿಲ್ಲೆ ಪ್ರಾಂತಕ್ಕೆ ಆಮೇಲೆ ಸೇರಿದ್ದು. ಜನಮತ ಕೇಳಿ, ಜನ ಹೌದೆಂದು, ನಾನು ಮದುವೆಯಾಗಿ ಈ ಮನೆಗೆ ಬಂದ ವರ್ಷ ಸೇರಿಸಿಕೊಂಡರು. ಲಾಂಛನವನ್ನು ಮುಂದಿನ ಅಧಿವೇಶನದಲ್ಲಿ ಬದಲಾಯಿಸುತ್ತೇವೆ ಎಂದಿದ್ದರು. ಆ ಮುಂದಿನ ಅಧಿವೇಶನ ಇನ್ನೂ ಬಂದಿಲ್ಲ.

"ಅಂದ್ರೆ ನನ್ನ ಮಗ ಇಷ್ಟು ವರ್ಷ ಬೇರೆಯವರ ಸೇತುವೆ ಎದೆ ಮೇಲೆ ಹೊತ್ಕೊಂಡು ತಿರುಗಿದ್ನಾ?"

"ಅವರು ಕೇಳಿದ್ರು ಅತ್ತೆ. ಕೇಳಿದ್ದು ನಂಗೆ ಗೊತ್ತು."

"ಕೇಳಿರ್ತಾನೆ. ಒಳ್ಳೆಯವನು. ಚಿಕ್ಕವನಿದ್ದಾಗ ಅಂಗಡಿಗೆ ಕಳಿಸಿದ್ರೆ ಸಕ್ಕರೆ ಇಲ್ಲ ಅಂದ ತಕ್ಷಣ ವಾಪಸ್ ಬರೋನು. ಪಕ್ಕದ ಅಂಗಡೀಲಿ ಕೇಳೋ ಅಂದ್ರೆ, ಪಾಪ ಮೊದಲನೆಯವನು ಬೇಜಾರು ಮಾಡ್ಕೋತಾನಮ್ಮ ಅನ್ನೋನು."

ನನಗೆ ಸಿಟ್ಟು ಬಂತು. ತೀರಿಕೊಂಡ ಮಗನನ್ನು ಹೀಗೆ ಆಡಿಕೊಳ್ಳುವ ತಾಯಿ ಎಲ್ಲಾದರೂ ಇದ್ದಾರೆಯೇ? ಕನ್ನಡಕದ ಕಾಲು ಬಿಗಿ ಮಾಡುವ ನೆಪದಲ್ಲಿ ಒಳಗೆ ಹೋದೆ.

ಮಾರ್ಚ್ 12, ಮಂಗಳವಾರ

ಕೇಳಿಯೇಬಿಟ್ಟೆ. ನಮ್ಮವರು ಕೇಳಿದ್ದನ್ನು ನಾನು ಮುಂದುವರಿಸಿದರೆ ತಪ್ಪೇನಿದೆ ಎಂದುಕೊಂಡು ನಾಯಕರ ಕೋಣೆಗೆ ಹೋದೆ.

"ಅದೊಂದು ಚಿತ್ರ ತಂಗಿ. ಚಿತ್ರಕ್ಕೆಲ್ಲ ತಲೆ ಕೆಡಿಸ್ಕೋಬಾರ್ದು" ಎಂದು ಚಹಾ ತರಿಸಿದರು. ಹೊಸ ಸಭಾಭವನ ಮೇ ತಿಂಗಳಲ್ಲಿ ತೆರೆಯುತ್ತದೆ. ಗೋಡೆಯಷ್ಟಗಲದ ಹಿತ್ತಾಳೆಯ ಲಾಂಛನಕ್ಕೆ ಅಚ್ಚು ಸಿದ್ಧವಾಗಿದೆಯಂತೆ, ಏಳು ಕಮಾನಿನದು.

"ಅಚ್ಚು ಮಾಡೋ ಮುಂಚೆ ನಮ್ಮ ಜಿಲ್ಲೆಯವರನ್ನ ಯಾರೂ ಕೇಳಲಿಲ್ವಾ ಸರ್?"

ಅವರು ಚಹಾದ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. "ನಿನಗೆ ಗೊತ್ತಿಲ್ವಾ? ಲಾಂಛನ ಸಮಿತೀಲಿ ನಿನ್ನ ಗಂಡನೇ ಇದ್ದ. ಏಳೇ ಇರಲಿ ಅಂತ ಒಪ್ಪಿ ಹೋದ. ಈಗ ನೀನು ಅವನ ಮಾತನ್ನೇ ತಿರುಗಿಸಿ ಹಾಕ್ತೀಯಾ?"

ಏನು ಹೇಳಿ ಹೊರಗೆ ಬಂದೆನೋ ಗೊತ್ತಿಲ್ಲ. ನಮ್ಮವರು ಒಪ್ಪಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಸುಮ್ಮನೆ ಒಪ್ಪುವವರಲ್ಲ. ಏನೋ ದೊಡ್ಡದನ್ನು ಪಡೆಯಲು ಇದನ್ನು ಬಿಟ್ಟುಕೊಟ್ಟಿರಬೇಕು. ಏನು ಅದು ಎಂದು ಸಂಜೆಯವರೆಗೂ ಯೋಚಿಸಿದೆ. ಹೊಳೆಯಲಿಲ್ಲ.

ಮಾರ್ಚ್ 13, ಬುಧವಾರ

ನಮನದ ಹೊತ್ತಿಗೆ ಎದ್ದು ನಿಂತೆ, ಬಾಯಿ ಬಿಡಲಿಲ್ಲ. ಯಾರೂ ಗಮನಿಸಲಿಲ್ಲ.

ಮಾರ್ಚ್ 19, ಮಂಗಳವಾರ

ಇವತ್ತು ಗಮನಿಸಿದರು.

ಹೊಸ ಭವನದ ಮೇಲಿನ ಚರ್ಚೆ. ಲೋಕೋಪಯೋಗಿ ಮಂತ್ರಿಗಳು "ಏಳು ಜಿಲ್ಲೆಗಳ ಜನರ ಬಹುದಿನದ ಕನಸು" ಎಂದು ಓದುತ್ತಿದ್ದರು. ನನ್ನ ಬಾಯಿಂದ "ಎಂಟು" ಎಂದು ಬಂತು. ಮೆಲ್ಲಗೆ ಹೇಳಿದ್ದೆ. ಮೈಕು ಹಾಕಿದೆಯೆಂದು ನನಗೇನು ಗೊತ್ತು? ಇಡೀ ಸಭೆಗೆ ಕೇಳಿತು.

ಮಂತ್ರಿಗಳು ತಡೆದು, "ಏಳು" ಎಂದರು. ನಾನು "ಎಂಟು" ಎಂದೆ, ಈ ಸಲ ಬೇಕೆಂದೇ. ನಮ್ಮದು ಉಪ್ಪಿನ ಬಯಲಿನ ಜಿಲ್ಲೆ. ಹಿಂದಿನ ಸಾಲಿನಿಂದ ಯಾರೋ, "ಎಲೆ ಹಾಕೋ ಮುಂಚೆನೇ ಉಪ್ಪು ಬಡಿಸಿಬಿಟ್ರಲ್ಲ!" ಎಂದರು. ಸಭೆಯೆಲ್ಲ ನಕ್ಕಿತು. ನಮ್ಮ ಜಿಲ್ಲೆಯಿಂದಲೇ ಬಂದ ಇನ್ನೊಬ್ಬ ಸದಸ್ಯರು ವೈದ್ಯರು, ಎಲ್ಲರೂ ಡಾಕ್ಟರು ಎಂದೇ ಕರೆಯುವುದು. ಅವರೂ ನಕ್ಕರು. ನಗದಿದ್ದರೆ ತಮ್ಮ ಮೇಲೂ ಬಂದೀತೆಂದು ನಕ್ಕಂತಿತ್ತು.

ಕಲಾಪ ಮುಗಿದಾಗ ಮತ್ತೆ ಧ್ವಜನಮನ. ಎಲ್ಲರೂ ಎದ್ದರು. ನಾನು ಏಳಲಿಲ್ಲ. ಯೋಚಿಸಿ ಮಾಡಿದ್ದೆಂದು ಬರೆದರೆ ಸುಳ್ಳಾಗುತ್ತದೆ. ಆ ನಗು ಇನ್ನೂ ಕಿವಿಯಲ್ಲಿತ್ತು, ಎದ್ದು ನಿಂತು ಅವರ ಜೊತೆ ಅದೇ ಸಾಲು ಹೇಳುವುದು ನನ್ನಿಂದ ಆಗಲಿಲ್ಲ, ಅಷ್ಟೇ. ಕೂತವಳಿಗೆ ಸುತ್ತಲೂ ಬರೀ ಸೊಂಟದ ಬೆಲ್ಟುಗಳು ಕಾಣುತ್ತವೆ. ತಮಾಷೆ ಎನ್ನಿಸಿತು.

ನಮ್ಮವರಿಗೆ ಇದು ಖಂಡಿತ ಹಿಡಿಸುತ್ತಿರಲಿಲ್ಲ. ಆದರೂ ಮಧ್ಯಾಹ್ನ ಬಿಟ್ಟ ಊಟವನ್ನೂ ಸೇರಿಸಿ ಹೊಟ್ಟೆ ತುಂಬ ಉಂಡೆ.

ಮಾರ್ಚ್ 23, ಶನಿವಾರ

ಮನೆಗೆ ಬರುವಷ್ಟರಲ್ಲಿ ಮೈದುನ ಜಗಲಿಯಲ್ಲೇ ಕಾಯುತ್ತಿದ್ದ. ಪಕ್ಷದ ಜಿಲ್ಲಾ ಕಾರ್ಯದರ್ಶಿ ಅವನು. "ಏನತ್ತಿಗೆ ಇದು? ಟಿವೀಲೆಲ್ಲ ನೀವೇ. ಅಣ್ಣ ಕಟ್ಟಿದ ಹೆಸರನ್ನ ಹಾಳು ಮಾಡಬೇಡಿ. ಬೇಕಾದ್ರೆ ತಲೆಸುತ್ತು ಬಂದಿತ್ತು, ಅದಕ್ಕೆ ಏಳಲಿಲ್ಲ ಅಂತ ಹೇಳಿಬಿಡಿ."

"ತಲೆ ಸುತ್ತಿದ್ದು ನಿಜ, ಅವರ ನಗು ಕೇಳಿ" ಎಂದೆ. ಅತ್ತೆ ಒಳಗಿನಿಂದ ಕೆಮ್ಮಿದರು. ಅದು ನಗುವನ್ನು ಮುಚ್ಚುವ ಕೆಮ್ಮು, ನನಗೆ ಗೊತ್ತು.

ಅವನ ಮಾತು ನನಗೆ ಅಷ್ಟು ತಟ್ಟಲಿಲ್ಲ. ತಟ್ಟಿದ್ದು ಬೇರೆ. ನೀರಿನ ಟ್ಯಾಂಕರಿನ ಸಾಲಿನ ಪಕ್ಕ ಹಾದು ಅಂಗಡಿಗೆ ಹೋಗುತ್ತಿದ್ದೆ. ನಮ್ಮಲ್ಲಿ ಬಾವಿ ತೋಡಿದರೆ ಉಪ್ಪುನೀರು, ಕುಡಿಯುವುದಕ್ಕೆ ಟ್ಯಾಂಕರೇ ಗತಿ. ಕೊಳವೆ ಹಾಕಿ ಸಿಹಿನೀರು ತರುತ್ತೇವೆಂದು ಪ್ರತಿ ಚುನಾವಣೆಯಲ್ಲೂ ಹೇಳುತ್ತಾರೆ, ಈ ವರ್ಷ ಮಂಜೂರೂ ಆಗಿದೆ. ಸಾಲಿನಲ್ಲಿ ನಿಂತಿದ್ದ ಲಾಂಡ್ರಿಯಾಕೆ ನನ್ನನ್ನು ಕಂಡು ಕೂಗಿದಳು. "ಏನಮ್ಮಾ, ಅಲ್ಲಿ ಚಿತ್ರಕ್ಕೆ ಜಗಳ ಮಾಡ್ತಿದ್ದೀರಂತೆ? ಚಿತ್ರ ಹಿಂಡಿದ್ರೆ ನೀರು ಬರುತ್ತಾ? ನಾನು ಬಟ್ಟೆ ಒಗೀಬೇಕು."

ಸಾಲಿನಲ್ಲಿ ಯಾರೂ ಅವಳನ್ನು ಸುಮ್ಮನಿರು ಎನ್ನಲಿಲ್ಲ. ತಲೆ ತಗ್ಗಿಸಿಕೊಂಡು ಅಂಗಡಿಯ ಶಟರ್ ಎತ್ತಿದೆ. ಆಕೆ ಕೇಳಿದ್ದು ನ್ಯಾಯವಾಗಿಯೇ ಇತ್ತಲ್ಲ.

ಏಪ್ರಿಲ್ 2, ಮಂಗಳವಾರ

ನಾಯಕರು ಕರೆಸಿದರು. ಚಹಾ ಬರಲಿಲ್ಲ. ಮೇಜಿನ ಮೇಲೆ ಒಂದು ಬಣ್ಣದ ಚಿತ್ರ ಇಟ್ಟಿದ್ದರು. ಅದೇ ಏಳು ಕಮಾನಿನ ಸೇತುವೆ, ಕೆಳಗೆ ನೀರಿನಲ್ಲಿ ಒಂದು ಪುಟ್ಟ ದೋಣಿ.

"ನಿನಗೋಸ್ಕರ ಮಾಡಿಸಿದ್ದು. ದೋಣಿ ನಿಮ್ಮ ಜಿಲ್ಲೆ. ಈಗ ಖುಷಿ ತಾನೆ?"

ಒಂದು ಕ್ಷಣ ಖುಷಿಯೇ ಆಯಿತು. ಸುಳ್ಳು ಯಾಕೆ ಬರೆಯಲಿ? ಎಲ್ಲ ಮುಗಿಯಿತು, ಇನ್ನು ಯಾರೂ ಬಯ್ಯುವುದಿಲ್ಲ ಎನ್ನಿಸಿತು. ಚಿತ್ರವನ್ನು ಹತ್ತಿರ ಎಳೆದುಕೊಂಡು ನೋಡಿದೆ. ದೋಣಿಯೇನೋ ಚೆಂದವಿತ್ತು.

"ಸರ್, ದೋಣಿ ಸೇತುವೆ ಕೆಳಗೆ ಹೋಗುತ್ತೆ. ಸೇತುವೆ ಆಗಲ್ಲ."

"ಅಂದ್ರೆ?"

"ಸೇತುವೆ ಮೇಲೆ ನಡೆಯೋರು ಅದನ್ನ ನೋಡ್ತಾರೆ ಅಷ್ಟೇ. ಅದು ಇದ್ರೂ ಸೇತುವೆ ನಿಂತಿರುತ್ತೆ, ಹೋದ್ರೂ ನಿಂತಿರುತ್ತೆ. ನಾವು ಅಷ್ಟೇನಾ?"

ಅವರ ಮುಖ ಬಿಗಿಯಿತು. ಬಾಗಿಲು ಹಾಕಲು ಹೇಳಿ, ದನಿ ತಗ್ಗಿಸಿದರು. "ನೇರವಾಗಿ ಹೇಳ್ತೀನಿ. ನಿಮ್ಮ ಕೊಳವೆ ಕಾಮಗಾರಿಗೆ ನನ್ನ ಸಹಿ ಬೇಕು. ಚಿತ್ರ ಬೇಕೋ, ನೀರು ಬೇಕೋ, ನೀನೇ ನೋಡು."

ಆ ಮಾತಿಗೆ ತಲೆಯೊಳಗೆ ಏನೋ ತಿಳಿಯಾಯಿತು. ಮಸೂರ ಬದಲಾಯಿಸಿದ ತಕ್ಷಣ ಗಿರಾಕಿಗಳು "ಹಾ, ಈಗ ಕಂಡಿತು" ಎನ್ನುತ್ತಾರಲ್ಲ, ಹಾಗೆ. "ಉಳಿದ ಏಳು ಜಿಲ್ಲೆಗೆ ನೀರು ಕೊಟ್ಟಾಗ ಯಾರನ್ನಾದ್ರೂ ಹೀಗೆ ಕೇಳಿದ್ರಾ ಸರ್? ನಮ್ಮನ್ನ ಮಾತ್ರ ಯಾಕೆ ಕೇಳ್ತೀರಿ? ಆ ಸೇತುವೇಲಿ ನಾವಿಲ್ಲ, ಅದಕ್ಕೇ ತಾನೆ?"

"ನಿನ್ನ ಗಂಡ ಹೀಗೆಲ್ಲ ಮಾತಾಡ್ತಿರಲಿಲ್ಲ."

"ಅದಕ್ಕೇ ನೀರು ಬಂದಿಲ್ಲ" ಎಂದುಬಿಟ್ಟೆ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಇಂಥ ಮಾತು ಆಡಬಾರದಿತ್ತು. ಹಾಗೆಂದು ಅದು ಸುಳ್ಳೂ ಅಲ್ಲ.

ಏಪ್ರಿಲ್ 6, ಶನಿವಾರ

ಇವತ್ತು ನಾನೇ ಕೊಡ ತೆಗೆದುಕೊಂಡು ಟ್ಯಾಂಕರಿನ ಸಾಲಿಗೆ ಹೋದೆ. ಲಾಂಡ್ರಿಯಾಕೆಯ ಹಿಂದೆ ನಿಂತು, ನಾಯಕರ ಕೋಣೆಯಲ್ಲಿ ನಡೆದದ್ದನ್ನೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದೆ. ಸಾಲಿನವರೆಲ್ಲ ಕಿವಿಗೊಟ್ಟರು.

"ಅಂದ್ರೆ ನಮ್ಮ ನೀರು ಈಗ ನಿಮ್ಮಿಂದ ನಿಂತಿದೆ" ಎಂದಳು.

"ಹೌದು."

"ಹೋಗಿ ತಪ್ಪಾಯ್ತು ಅಂದ್ರೆ ಬಿಡ್ತಾರಾ?"

"ಬಿಡಬಹುದು."

"ಅಂತೀರಾ?"

"ಇಲ್ಲ."

ಬಯ್ಯುತ್ತಾಳೆಂದು ಕಾದೆ. ಬಯ್ದಿದ್ದರೆ ಚೆನ್ನಾಗಿತ್ತು. ಕೊಡ ತುಂಬಿಸಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಹೋದಳು. ಸಾಲಿನಲ್ಲಿದ್ದ ಒಬ್ಬ ಮುದುಕರು ನೆಲಕ್ಕೆ ಉಗುಳಿದರು. ಅದು ನನಗೋ, ನಾಯಕರಿಗೋ ತಿಳಿಯಲಿಲ್ಲ. ತುಂಬಿದ ಕೊಡ ಸೊಂಟದ ಮೇಲಿಟ್ಟು ಮನೆಗೆ ಬರುವಷ್ಟರಲ್ಲಿ ಅರ್ಧ ಸೀರೆ ಒದ್ದೆ.

ಅತ್ತೆ ಕೇಳಿದರು: "ಹೇಳಿದೆಯಾ?"

"ಹೇಳಿದೆ."

"ಕಲ್ಲು ಹೊಡೆದ್ರಾ?"

"ಇನ್ನೂ ಇಲ್ಲ."

"ಹಾಗಾದ್ರೆ ಒಳಗೆ ಬಾ. ಅನ್ನ ಆರ್ತಿದೆ."

ಏಪ್ರಿಲ್ 13, ಶನಿವಾರ

ಅಂಗಡಿಗೆ ಲಾಂಡ್ರಿಯಾಕೆ ಬಂದಳು. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ, ಹತ್ತಿರದ್ದು ಕಾಣುವ ಕನ್ನಡಕ ಬೇಕು ಎಂದಳು. ನಂಬರು ನೋಡಿ ಮಾಡಿಕೊಟ್ಟೆ. ನೀರಿನ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ದೋಣಿ ಅಂದ್ನಾ ಆ ಮನುಷ್ಯ? ಅದೂ ಪುಟ್ಟ ದೋಣಿ?" ಎಂದು ಕೇಳಿದಳು.

"ಪುಟ್ಟದೇ."

ಮೂಗಿನಿಂದ ಒಂದು ಶಬ್ದ ಮಾಡಿ ಹೊರಟುಹೋದಳು.

ಏಪ್ರಿಲ್ 17, ಬುಧವಾರ

ಬರೆಯಲು ಕೈ ಓಡುತ್ತಿದೆ. ವಸತಿಗೃಹದ ಕೋಣೆ ಖಾಲಿ ಮಾಡಿ, ಗಂಟುಮೂಟೆ ಕಟ್ಟಿಕೊಂಡು, ಮನೆಯ ಬಸ್ಸಿಗೆ ಕಾಯುತ್ತ ನಿಲ್ದಾಣದ ಬೆಂಚಿನ ಮೇಲೆ ಬರೆಯುತ್ತಿದ್ದೇನೆ.

ಲಾಂಛನಕ್ಕೆ ಎಂಟನೆಯ ಕಮಾನು ಸೇರಿಸಬೇಕೆಂಬ ನನ್ನ ತಿದ್ದುಪಡಿ ಇಂದು ಬೆಳಗ್ಗೆ ಮತಕ್ಕೆ ಬಂತು. ಒಂದೇ ಕೂಗಿಗೆ ತಳ್ಳಿಹಾಕಿ ಊಟಕ್ಕೆ ಏಳುವ ತಯಾರಿಯಲ್ಲಿದ್ದರು. ಸಭಾಧ್ಯಕ್ಷರು "ಬೇಡ ಎನ್ನುವವರು..." ಎಂದು ಶುರುಮಾಡುವಷ್ಟರಲ್ಲಿ ಎದ್ದೆ. "ಅಧ್ಯಕ್ಷರೇ, ಹೆಸರು ಕರೆದು ಮತ ಕೇಳಿ. ಗುಂಪಿನಲ್ಲಿ ಬೇಡ ಅನ್ನೋದು ಸುಲಭ. ಒಬ್ಬೊಬ್ಬರೇ ಎದ್ದು ನಿಂತು, ನನ್ನ ಜಿಲ್ಲೆ ಬೇಡ ಅಂತ ನನ್ನ ಮುಖ ನೋಡಿ ಹೇಳಲಿ."

ಗಲಾಟೆಯೋ ಗಲಾಟೆ. ಆದರೆ ಒಬ್ಬ ಸದಸ್ಯ ಕೇಳಿದರೂ ಹೆಸರು ಕರೆಯಲೇಬೇಕೆಂದು ನಿಯಮವಿದೆ. ಕರೆದರು.

ಎದ್ದು ನಿಂತವರೆಲ್ಲ ಎಲ್ಲೆಲ್ಲೋ ನೋಡುತ್ತಿದ್ದರು. ಫ್ಯಾನು, ಗಡಿಯಾರ, ಮುಂದಿನವರ ಬೆನ್ನು. "ವಿರೋಧ", "ವಿರೋಧ". ಡಾಕ್ಟರು ಬೆಳಗ್ಗೆ ಮೆಟ್ಟಿಲ ಮೇಲೆ ಸಿಕ್ಕಿ, "ನಿಮ್ಮ ಜೊತೆ ನಾನಿದ್ದೀನಿ" ಎಂದು ಕೈ ಹಿಡಿದಿದ್ದರು. ಅವರ ಹೆಸರು ಬಂದಾಗ ಕನ್ನಡಕ ತೆಗೆದು ಒರೆಸುತ್ತ ನಿಂತರು, "ವಿರೋಧ" ಎಂದು ಕೂತರು. ಕನ್ನಡಕ ನನ್ನ ಅಂಗಡಿಯದೇ. ಕಾಣಿಸಲಿಲ್ಲ ಎಂದು ಹೇಳುವ ಹಾಗಿಲ್ಲ.

ಆಮೇಲೆ ರಾಜಧಾನಿ ಜಿಲ್ಲೆಯ ಹಿರಿಯ ಸದಸ್ಯೆಯ ಸರದಿ. ಎದುರು ಪಕ್ಷದವರು, ದನಿ ಜೋರೆಂದು ಗುಡುಗಮ್ಮ ಎನ್ನುತ್ತಾರೆ. ನನ್ನ ಜೊತೆ ಒಂದು ದಿನವೂ ಮಾತಾಡಿದವರಲ್ಲ. "ಪರ" ಎಂದರು. ಎಲ್ಲರ ತಲೆಯೂ ಅತ್ತ ತಿರುಗಿತು. "ಏನು ನೋಡ್ತಿದ್ದೀರಿ? ಆ ಚಿತ್ರದಲ್ಲಿ ನಮ್ಮ ಜಿಲ್ಲೆ ಕಮಾನೇ ಎಲ್ಲಕ್ಕಿಂತ ದಪ್ಪ. ಸ್ವಲ್ಪ ಒತ್ತಿ ಕೂತ್ರೆ ನಾವೇನೂ ಸಾಯಲ್ಲ." ಅವರ ನಂತರ ಕೆಲವರು, ಬೆರಳೆಣಿಕೆಯಷ್ಟು ಮಂದಿ, ಪರ ಎಂದರು. ಉಳಿದವರೆಲ್ಲ ವಿರೋಧ. ಬಿದ್ದುಹೋಯಿತು.

ಸೋತ ಮೇಲೆ ಧ್ವಜನಮನ. ಎಲ್ಲರೂ ಎದ್ದರು. ನಾನು ಕೂತೇ ಇದ್ದೆ. ಈ ಸಲ ಯೋಚಿಸಿಯೇ ಕೂತದ್ದು.

ಸಭಾಧ್ಯಕ್ಷರು ಮೃದು ಸ್ವಭಾವದವರು. "ಮಾನ್ಯ ಸದಸ್ಯೆ ಎದ್ದು ನಿಲ್ಲಬೇಕು" ಎಂದರು.

"ನನ್ನ ಜಿಲ್ಲೆ ಆ ಬಾವುಟದ ಮೇಲೆ ಬಂದ ದಿನ ಎಲ್ಲರಿಗಿಂತ ಮೊದಲು ನಿಲ್ತೀನಿ, ಅಧ್ಯಕ್ಷರೇ."

"ಇವತ್ತು?"

"ಇವತ್ತು ಕೂತಿರ್ತೀನಿ."

"ಒಂದು ಮಾತು ವಿಷಾದ ಅಂದುಬಿಡಿ, ಮುಗಿಸೋಣ" ಎಂದು ಬಹುತೇಕ ಬೇಡಿಕೊಂಡರು.

"ವಿಷಾದ ಇದೆ. ಇಷ್ಟು ದಿನ ನಿಂತಿದ್ದಕ್ಕೆ."

ಅವಧಿ ಮುಗಿಯುವವರೆಗೆ ಅಮಾನತು. ಆಳೆತ್ತರದ ಮಾರ್ಷಲ್ ಬಂದು ನನ್ನ ಪಕ್ಕ ನಿಂತ, ಏನು ಮಾಡಬೇಕೆಂದು ತೋಚದೆ ನನ್ನ ಚೀಲ ಎತ್ತಿಕೊಂಡ. ಹೊರಗೆ ಮೊಗಸಾಲೆಯಲ್ಲಿ, "ನೀವಾಗೇ ಎದ್ದು ಬಂದ್ರಿ, ಪುಣ್ಯ ಮೇಡಂ. ಎತ್ಕೊಂಡು ಬಾ ಅಂದಿದ್ರೆ ಏನ್ ಮಾಡ್ತಿದ್ದೆನೋ" ಎಂದ.

"ನಾನು ಬಲು ಭಾರ" ಎಂದೆ. ಇಬ್ಬರೂ ನಕ್ಕೆವು. ಎದೆಯ ಬಿಲ್ಲೆ ಬಿಚ್ಚಿ ಅವನ ಕೈಗೆ ಕೊಟ್ಟೆ. ಕಚೇರಿಗೆ ಮುಟ್ಟಿಸುತ್ತಾನಂತೆ.

ಬಸ್ಸು ಬಂತು.

ಏಪ್ರಿಲ್ 25, ಗುರುವಾರ

ಕೊಳವೆ ಕಾಮಗಾರಿ ಮುಂದೂಡಲಾಗಿದೆ ಎಂದು ಪತ್ರಿಕೆಯಲ್ಲಿ ಬಂದಿದೆ. ಅಂಗಡಿಗೆ ಬೆಳಗ್ಗೆಯಿಂದ ಒಬ್ಬರೂ ಬರಲಿಲ್ಲ. ಗಾಜುಗಳನ್ನೆಲ್ಲ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಕೊಡ ಹಿಡಿದು ಸಾಲಿಗೆ ಹೋದೆ. ಹೋಗದೆ ಇರುವುದು ಹೇಡಿತನ.

ಮೇ 6, ಸೋಮವಾರ

ಇಂದು ಹೊಸ ಸಭಾಭವನದ ಉದ್ಘಾಟನೆ. ಅತ್ತೆಯ ಜೊತೆ ಟಿವಿಯಲ್ಲಿ ನೋಡುತ್ತಿದ್ದೆ. ಗೋಡೆಯ ಮೇಲೆ ಹಿತ್ತಾಳೆಯ ಸೇತುವೆ ಥಳಥಳ ಹೊಳೆಯುತ್ತಿತ್ತು. "ಉಜ್ಜಿ ಉಜ್ಜಿ ಇಟ್ಟಿದ್ದಾರೆ" ಎಂದಷ್ಟೇ ಹೇಳಿದರು ಅತ್ತೆ.

ಅಷ್ಟರಲ್ಲಿ ಪೊಲೀಸ್ ಇನ್ಸ್‌ಪೆಕ್ಟರ್ ಬಾಗಿಲು ತಟ್ಟಿದರು. ಸಮಾರಂಭದ ಪ್ರಯುಕ್ತ ಪ್ರತಿ ಸರ್ಕಾರಿ ಕಚೇರಿಯ ಮೇಲೂ ಸಂಸತ್ತಿನ ಧ್ವಜ ಹಾರಿಸಬೇಕೆಂಬ ಆದೇಶವಿತ್ತು. ಹಾರಿಸಿದ್ದರು. ಆದರೆ ನಮ್ಮ ಜಿಲ್ಲೆಯಲ್ಲಿ ಹಾರಿದ ಬಾವುಟಗಳಲ್ಲಿ ಎಂಟು ಕಮಾನು!

"ಇದು ನಿಮ್ಮ ಕೆಲಸಾನಾ ಮೇಡಂ?"

ನನಗೆ ಏನೂ ಗೊತ್ತಿರಲಿಲ್ಲ. ಬೀದಿಗೆ ಓಡಿಹೋಗಿ ನೋಡಿದೆ. ಅಂಚೆ ಕಚೇರಿಯ ಮೇಲೆ, ಜಿಲ್ಲಾ ಕಚೇರಿಯ ಮೇಲೆ, ಆಸ್ಪತ್ರೆಯ ಮೇಲೆ, ಸ್ವತಃ ಇನ್ಸ್‌ಪೆಕ್ಟರರ ಠಾಣೆಯ ಮೇಲೆ. ಸೇತುವೆಯ ಕೊನೆಗೆ ಬಿಳಿ ಬಟ್ಟೆಯ ಇನ್ನೊಂದು ಕಮಾನು, ಒತ್ತೊತ್ತಾಗಿ ಹೊಲಿದದ್ದು. ಗಾಳಿಗೆ ಬಿಚ್ಚಿಕೊಂಡಾಗ ಅದೇ ಮೊದಲು ಕಾಣುತ್ತಿತ್ತು.

ಜನ ಸೇರಿದರು. ಅವರ ನಡುವಿನಿಂದ ಲಾಂಡ್ರಿಯಾಕೆ ಸೆರಗಿಗೆ ಕೈ ಒರೆಸುತ್ತ ಬಂದಳು. "ಆ ಅಮ್ಮನ್ನ ಯಾಕೆ ಕೇಳ್ತೀರಿ ಸಾರ್? ಬಾವುಟಗಳೆಲ್ಲ ಒಗೆಯೋಕೆ ಬಂದಿದ್ದು ನನ್ನ ಹತ್ರ. ಕೊಳೆ ಇತ್ತು, ತೊಳೆದೆ. ಹರಿದಿತ್ತು, ಹೊಲಿದೆ."

"ಎಲ್ಲಿ ಹರಿದಿತ್ತು?"

"ಒಂದು ಕಮಾನು ಕಿತ್ತುಹೋಗಿತ್ತು ಸಾರ್. ಎಲ್ಲದರಲ್ಲೂ ಅದೇ ಜಾಗದಲ್ಲಿ."

ನಗು ಎಲ್ಲಿಂದ ಶುರುವಾಯಿತೋ, ಇಡೀ ಬೀದಿ ನಕ್ಕಿತು. ಇನ್ಸ್‌ಪೆಕ್ಟರ್ ಮೀಸೆಯ ಮೇಲೆ ಕೈ ಇಟ್ಟುಕೊಂಡರು. ನಿನ್ನೊಬ್ಬಳಿಂದಲೇ ಇಷ್ಟೆಲ್ಲ ಹೊಲಿಯಲು ಹೇಗಾಯಿತು, ಯಾರ್ಯಾರು ಸೇರಿದ್ದಿರಿ ಹೇಳು ಎಂದು ಗದರಿದರು. "ನಾನೂ ಹೊಲಿದೆ" ಎಂದರು ಅಂಚೆ ಕಚೇರಿಯ ಗುಮಾಸ್ತೆ. "ನಾನೂ" ಎಂದಳು ಆಸ್ಪತ್ರೆಯ ದಾದಿ. ಅಂದು ಸಾಲಿನಲ್ಲಿ ಉಗುಳಿದ ಮುದುಕರು ಮುಂದೆ ಬಂದು, "ನಂಗೆ ಹೊಲಿಗೆ ಬರಲ್ಲ. ದಾರ ತಂದುಕೊಟ್ಟೆ. ಅದೂ ಬರ್ಕೊಳ್ಳಿ" ಎಂದರು.

ಆ ಬಾವುಟ ಹಾರಿಸುವಂತಿಲ್ಲ, ಬಾವುಟವಿಲ್ಲದೆ ಕಚೇರಿ ತೆರೆಯುವಂತೆಯೂ ಇಲ್ಲ, ಬೇರೆ ಬಾವುಟ ಜಿಲ್ಲೆಯಲ್ಲೇ ಇಲ್ಲ. ಮೇಲಿನಿಂದ ಆದೇಶ ಬರಲಿ ಎಂದು ಇನ್ಸ್‌ಪೆಕ್ಟರ್ ಹೊರಟುಹೋದರು. ಬರುವವರೆಗೆ ಹಾರಲಿ.

ಇನ್ನೂ ಹಾರುತ್ತಿದೆ. ನೀರು ಬಂದಿಲ್ಲ, ಲಾಂಡ್ರಿಯಾಕೆಯ ಬಕೆಟ್ಟು ಇವತ್ತೂ ಅರ್ಧವೇ ತುಂಬಿದ್ದು. ಆದರೂ ಬೀದಿಯಲ್ಲಿ ಎಲ್ಲರೂ ತಲೆ ಎತ್ತಿಕೊಂಡೇ ಓಡಾಡುತ್ತಿದ್ದಾರೆ. ಬಾವುಟ ನೋಡಬೇಕಲ್ಲ. ನಮ್ಮವರು, ಈ ಬೀದಿಯವರೆಲ್ಲ, ಇಷ್ಟು ಗಟ್ಟಿಗರೆಂದು ನನಗೆ ಗೊತ್ತೇ ಇರಲಿಲ್ಲ.

ಮೇ 19, ಭಾನುವಾರ

ಚುನಾವಣೆ ಘೋಷಣೆಯಾಯಿತು. ಪಕ್ಷ ನನಗೆ ಟಿಕೆಟ್ ಕೊಡಲಿಲ್ಲ. ಕೊಟ್ಟಿದ್ದರೆ ಆಶ್ಚರ್ಯವಾಗುತ್ತಿತ್ತು. ಕೊಟ್ಟದ್ದು ಮೈದುನನಿಗೆ. ನಾನು ಯಾವ ಪಕ್ಷಕ್ಕೂ ಸೇರದೆ ನಿಲ್ಲುತ್ತಿದ್ದೇನೆ.

ಬೆಳಗ್ಗೆ ಅವನೇ ಮನೆಗೆ ಬಂದ. ಬಹಳ ಹೊತ್ತು ಹವಾಮಾನದ ಬಗ್ಗೆ ಮಾತಾಡಿ, ಕೊನೆಗೆ ಬಾಯಿ ಬಿಟ್ಟ. "ಅತ್ತಿಗೆ, ಅಣ್ಣನ ದೊಡ್ಡ ಫೋಟೋ ಇತ್ತಲ್ಲ? ಪೋಸ್ಟರಿಗೆ ಬೇಕಿತ್ತು."

ಹುಡುಕಲು ಹೊತ್ತು ಹಿಡಿಯಿತು. ಬೀರುವಿನಲ್ಲಿ ಮಸೂರದ ಡಬ್ಬಿಗಳ ಹಿಂದೆ ಸಿಕ್ಕಿತು. ಅಲ್ಲಿ ಯಾವಾಗ ಇಟ್ಟೆನೋ ನೆನಪಿಲ್ಲ. ಧೂಳು ಒರೆಸಿದೆ. ಅದೇ ಒಳ್ಳೆಯ ಮುಖ, ಯಾರಿಗೂ ಬೇಜಾರು ಮಾಡದ ಮುಖ. ಸ್ವಲ್ಪ ಹೊತ್ತು ನೋಡಿ, ಒಂದು ಪೇಪರು ಸುತ್ತಿ ತಂದುಕೊಟ್ಟೆ.

ಅವನಿಗೆ ನಂಬಲಾಗಲಿಲ್ಲ. "ನಿಮಗೆ ಬೇಡವಾ? ಅಣ್ಣನ ಫೋಟೋ ಇಲ್ದೆ ನಿಮಗೆ ಯಾರು ಓಟು ಹಾಕ್ತಾರೆ?"

"ನನ್ನ ಪೋಸ್ಟರಿಗೆ ನನ್ನ ಫೋಟೋ ಹಾಕಿಸ್ತೀನಿ."

ಅತ್ತೆ ಅಡುಗೆಮನೆಯಿಂದ ಬಂದು ನಮ್ಮಿಬ್ಬರ ನಡುವೆ ನಿಂತರು. ಇದೊಂದು ಘಳಿಗೆಗೆ ನಾನು ಒಳಗೊಳಗೇ ಹೆದರುತ್ತಿದ್ದೆ. ಅವನು ಹೊಟ್ಟೆಯಲ್ಲಿ ಹುಟ್ಟಿದವನು, ನಾನು ಹೊರಗಿನಿಂದ ಬಂದವಳು. ಅವನು ಅಮ್ಮನ ಕೈ ಹಿಡಿದುಕೊಂಡು, "ನೀನಾದ್ರೂ ಆಶೀರ್ವಾದ ಮಾಡಮ್ಮ" ಎಂದ.

ಅತ್ತೆಯ ಕಣ್ಣಲ್ಲಿ ನೀರಿತ್ತು. ಮಗನ ಕೆನ್ನೆ ಸವರಿದರು. "ನೀನು ನನ್ನ ಮಗ. ದಿನಾ ಊಟಕ್ಕೆ ಬಾ. ಓಟಿಗೆ ಮಾತ್ರ ಬರಬೇಡ."

ಫೋಟೋ ಕಂಕುಳಲ್ಲಿಟ್ಟುಕೊಂಡು ಅವನು ಹೋದ. ಅತ್ತೆ ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆ ಮಾಸಿದ ಸೀರೇಲಿ ಫೋಟೋ ತೆಗೆಸ್ಬೇಡ" ಎಂದು ಒಳಗೆ ಹೋದರು.

ಸಂಜೆ ಸ್ಟುಡಿಯೋಗೆ ಹೋದೆ. ಕ್ಯಾಮೆರಾದವನು ದೀಪ ಸರಿಮಾಡಿ, "ಸ್ವಲ್ಪ ನಗಿ ಮೇಡಂ" ಎಂದ.

"ಬೇಡ. ಹೀಗೇ ತೆಗಿ" ಎಂದೆ.

ತೆಗೆದ. ಚೆನ್ನಾಗಿ ಬಂದಿದೆ.